ಕಣ್ರೆಪ್ಪೆ ಆಪರೇಷನ್: ಕೊಡಗಿಂದ ಹೋಗಿ ಮಾಡಿಸ್ಕೊಂಡು ಬರೋರಿಗೆ ಶುರುವಿಂದ ಕೊನೇವರೆಗೆ

ಎರಡೂ ಕಣ್ಣಿನ ಮೇಲಿನ ರೆಪ್ಪೆ ಆಪರೇಷನ್ ಅಂದ್ರೆ ಸುಮಾರು ಒಂದು ಗಂಟೆ ಕೆಲ್ಸ, ಕೆಳಗಿನ ರೆಪ್ಪೆನೂ ಸೇರಿದ್ರೆ ಎರಡು ಮೂರು ಗಂಟೆ ಹಿಡಿಬಹುದು, ಸಾಮಾನ್ಯವಾಗಿ ಅದೇ ದಿನ ಎದ್ದು ನಡ್ಕೊಂಡು ಬರ್ತೀರ. ಬೆಂಗಳೂರಲ್ಲೋ ಮೈಸೂರಲ್ಲೋ ಇರೋರಿಗೆ ಆಟೋ ಹತ್ತಿ ಮನೆಗೆ ಹೋದ್ರೆ ಆಯ್ತು. ನಮ್ಗೆ ಹಾಗಾಗಲ್ಲ, ರೈಲಿಲ್ಲ, ಘಾಟಿ ಹತ್ಬೇಕು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಎಷ್ಟೋ ಮನೇಲಿ ಈಗ್ಲೂ ಸೌದೆ ಒಲೆ, ಹೊರಗೆ ಬಂದ್ರೆ ತೋಟ. ಹಂಗಾಗಿ ಡಾಕ್ಟ್ರು ಕೊಡೋ ಚೀಟಿ ಜೊತೆಗೆ ನಮ್ಮ ಊರಿನ ಲೆಕ್ಕನೂ ಹಾಕ್ಬೇಕಾಗುತ್ತೆ. ನಾನು ಮೇಲಿನ ರೆಪ್ಪೆ ಮಾಡಿಸ್ಕೊಂಡಿದೀನಿ, ಆಮೇಲೆ ನಮ್ಮ ಅತ್ತಿಗೆ ಕೆಳಗಿನದು ಮಾಡಿಸ್ಕೊಂಡಾಗ ಪೂರ್ತಿ ಜೊತೆಗಿದ್ದು ನೋಡ್ಕೊಂಡಿದೀನಿ, ಅದಕ್ಕೇ ಶುರುವಿಂದ ಬರೀತಾ ಇದೀನಿ. ಟೈಮಿಲ್ಲದೋರು ಮೊದಲ ರಾತ್ರಿ ಬಗ್ಗೆ ಇರೋ ಭಾಗನಾದ್ರೂ ದಯವಿಟ್ಟು ಓದಿ.

ಮೊದ್ಲು ತೊಂದ್ರೆ ಯಾವ್ದು ಅಂತ ತಿಳ್ಕೊಳ್ಳಿ

ಕಣ್ಣು ಜೋತು ಬಿದ್ದಿದೆ ಅಂತ ಎಲ್ರೂ ಒಂದೇ ಮಾತು ಹೇಳ್ತಾರೆ, ಆದ್ರೆ ಕಾರಣ ಬೇರೆ ಬೇರೆ ಇರುತ್ತೆ, ಆಪರೇಷನ್ನೂ ಬೇರೆ. ವಯಸ್ಸಾಗ್ತಾ ರೆಪ್ಪೆ ಚರ್ಮ ಸಡಿಲ ಆಗಿ ಮಡಿಕೆ ಮಡಿಕೆಯಾಗಿ ರೆಪ್ಪೆ ಕೂದಲಿನ ಮೇಲೆ ಬಂದು ಕೂರೋದು ಒಂದು, ಬ್ಲೆಫರೋಪ್ಲಾಸ್ಟಿ ಅಂತ ಹೇಳೋದು ಇದಕ್ಕೆ ಮಾಡೋ ಆಪರೇಷನ್. ಚರ್ಮ ಸರಿಯಾಗೇ ಇದ್ದು ರೆಪ್ಪೆ ಎತ್ತೋ ಸ್ನಾಯು ಸೋತು ರೆಪ್ಪೆ ಅಂಚೇ ಕಣ್ಣಿನ ಕಪ್ಪು ಗುಡ್ಡೆ ಮೇಲೆ ಇಳಿದಿದ್ರೆ ಅದು ಟೋಸಿಸ್, ಅದಕ್ಕೆ ಸ್ನಾಯು ಬಿಗಿ ಮಾಡ್ಬೇಕು, ಬರೀ ಚರ್ಮ ಕತ್ತರಿಸಿದ್ರೆ ಪ್ರಯೋಜನ ಇಲ್ಲ. ಇನ್ನು ಕೆಲವ್ರಿಗೆ ಹುಬ್ಬೇ ಕೆಳಗಿಳಿದಿರುತ್ತೆ. ಕನ್ನಡಿ ಮುಂದೆ ನಿಂತು ಹಣೆ ಸಡಿಲ ಬಿಟ್ಟು ಬೆರಳಲ್ಲಿ ಹುಬ್ಬನ್ನ ಅದರ ಮೂಳೆ ಮೇಲೆ ಎತ್ತಿ ಹಿಡಿದು ನೋಡಿ, ಮಡಿಕೆ ಅರ್ಧಕ್ಕರ್ಧ ಮಾಯ ಆದ್ರೆ ಹುಬ್ಬಿನ ಪಾತ್ರ ಜಾಸ್ತಿ ಇದೆ ಅಂತ ಅರ್ಥ, ಅದನ್ನ ಡಾಕ್ಟ್ರ ಹತ್ರ ನೀವೇ ಕೇಳಿ.

ಕೆಳಗಿನ ಚೀಲದ ವಿಷ್ಯನೂ ಹಾಗೇ. ಬೆಳಗ್ಗೆ ಊದಿ ಸಂಜೆಗೆ ಇಳಿಯೋದಾದ್ರೆ ಅದು ಹೆಚ್ಚಾಗಿ ನೀರು, ಅಲರ್ಜಿ ಇರಬಹುದು, ಥೈರಾಯ್ಡ್ ಕಿಡ್ನಿ ಕಡೆಗೂ ಒಮ್ಮೆ ನೋಡಿಸ್ಬೇಕು. ದಿನಪೂರ್ತಿ ಒಂದೇ ತರ ಉಬ್ಬಿದ್ರೆ ಕೊಬ್ಬು, ಅದನ್ನ ತೆಗೆಯೋಕೆ ಅಥವಾ ಜಾಗ ಬದಲಿಸೋಕೆ ಆಗುತ್ತೆ. ಕಣ್ಣ ಕೆಳಗಿನ ಕಪ್ಪು ಬಣ್ಣ ಇದ್ರಿಂದ ಹೋಗಲ್ಲ, ಕಣ್ಣ ಹೊರ ಮೂಲೇಲಿ ನಕ್ಕಾಗ ಬೀಳೋ ಗೆರೆನೂ ಹೋಗಲ್ಲ.

ರೆಪ್ಪೆ ಇದ್ದಕ್ಕಿದ್ದ ಹಾಗೆ ಇಳಿದ್ರೆ, ಎರಡೆರಡು ಕಾಣಿಸಿದ್ರೆ, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು ಅನ್ಸಿದ್ರೆ ಅದು ಸೌಂದರ್ಯದ ವಿಷ್ಯವೇ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಯಾರ ಹತ್ರ ಹೋಗೋದು

ಕಣ್ಣಿನ ಡಾಕ್ಟ್ರಲ್ಲೇ ಆಕ್ಯುಲೋಪ್ಲಾಸ್ಟಿ ಅಂತ ಬೇರೆ ತರಬೇತಿ ತಗೊಂಡೋರು ಇರ್ತಾರೆ, ರೆಪ್ಪೆ, ಕಣ್ಣೀರಿನ ದಾರಿ, ಕಣ್ಣ ಗೂಡು ಇದೇ ಅವರ ಕೆಲ್ಸ. ರೆಪ್ಪೆ ಕೆಲ್ಸ ಜಾಸ್ತಿ ಮಾಡೋ ಪ್ಲಾಸ್ಟಿಕ್ ಸರ್ಜನ್ ಕೂಡ ಆಗಬಹುದು. ಯಾರೇ ಆದ್ರೂ ಅವರ ರಿಜಿಸ್ಟ್ರೇಷನ್ ಕರ್ನಾಟಕ ವೈದ್ಯಕೀಯ ಪರಿಷತ್ತಲ್ಲಿ ಇದೆಯಾ ಅಂತ ನೋಡ್ಕೊಳ್ಳಿ, ಕೇಳೋಕೆ ಸಂಕೋಚ ಬೇಡ. ಪಾರ್ಲರಲ್ಲಿ ದಾರ ಹಾಕಿ ಎತ್ತಿಸ್ತೀವಿ, ಇಂಜೆಕ್ಷನಲ್ಲೇ ಕರಗಿಸ್ತೀವಿ ಅನ್ನೋರ ಹತ್ರ ಕಣ್ಣು ಕೊಡಬೇಡಿ.

ಮೊದಲ ತಪಾಸಣೆ, ಶುಗರ್, ಬಿಪಿ, ಥೈರಾಯ್ಡ್, ಕಣ್ಣಿನ ಪ್ರೆಶರ್ ಇದನ್ನೆಲ್ಲ ಊರಲ್ಲೇ ಮುಗಿಸ್ಕೊಂಡು ರಿಪೋರ್ಟ್ ಹಿಡ್ಕೊಂಡು ಹೋದ್ರೆ ಒಂದು ಸಲದ ಓಡಾಟ ಉಳಿಯುತ್ತೆ, ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆನೂ ಇದೆ. ಆಪರೇಷನ್ನಿಗೆ ನಮ್ಮೋರು ಹೆಚ್ಚಾಗಿ ಮೈಸೂರು, ಮಂಗಳೂರು, ಇಲ್ಲಾಂದ್ರೆ ಬೆಂಗಳೂರಿಗೆ ಹೋಗೋದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು 140ರ ಹತ್ರ, ಬೆಂಗಳೂರು 260. ನನ್ನ ಅಭಿಪ್ರಾಯ ಕೇಳಿದ್ರೆ, ಒಳ್ಳೆ ಡಾಕ್ಟ್ರು ಎರಡು ಕಡೆನೂ ಸಿಕ್ಕಿದ್ರೆ ನೆಂಟರ ಮನೆ ಇರೋ ಊರನ್ನೇ ಆರಿಸ್ಕೊಳ್ಳಿ.

ಮೊದಲ ಭೇಟೀಲಿ ಡಾಕ್ಟ್ರು ಏನು ಮಾಡ್ತಾರೆ ಅನ್ನೋದನ್ನ ಗಮನ ಇಟ್ಟು ನೋಡಿ. ಕಣ್ಣ ಕೆಳ ಅಂಚಿಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿ ಅದೆಷ್ಟು ಒದ್ದೆಯಾಯ್ತು ಅಂತ ಅಳೀತಾರೆ, ಶಿರ್ಮರ್ ಟೆಸ್ಟ್ ಅಂತಾರೆ, 5 ಮಿಲಿಮೀಟರ್ ಕೂಡ ದಾಟಲಿಲ್ಲ ಅಂದ್ರೆ ಕಣ್ಣು ತುಂಬಾ ಡ್ರೈ ಇದೆ ಅಂತ. ಡ್ರೈ ಕಣ್ಣಿದ್ದೋರಿಗೆ ಈ ಆಪರೇಷನ್ ಆದ್ಮೇಲೆ ಉರಿ ಜಾಸ್ತಿ ಆಗುತ್ತೆ, ಅದಕ್ಕೆ ಮೊದ್ಲು ಚಿಕಿತ್ಸೆ ಆಗ್ಬೇಕು. ಲೇಸರ್ ಮಾಡಿಸಿ ಕನ್ನಡಕ ಬಿಟ್ಟೋರು ಅದನ್ನ ಹೇಳ್ಲೇಬೇಕು. ಚರ್ಮ ಕಣ್ಣಿಗೆ ಅಡ್ಡ ಬಂದು ಮೇಲ್ಗಡೆ ಕಾಣ್ತಿಲ್ಲ ಅನ್ನೋರಿಗೆ ಫೀಲ್ಡ್ ಟೆಸ್ಟ್, ಅಂದ್ರೆ ಸುತ್ತ ಎಲ್ಲಿವರೆಗೆ ಕಾಣುತ್ತೆ ಅಂತ ಅಳೆಯೋ ಪರೀಕ್ಷೆ ಮಾಡ್ತಾರೆ, ರೆಪ್ಪೆ ಹಾಗೇ ಬಿಟ್ಟು ಒಂದ್ಸಲ, ಟೇಪ್ ಹಾಕಿ ಎತ್ತಿ ಒಂದ್ಸಲ. ಈ ರಿಪೋರ್ಟ್ ಜೋಪಾನ, ಯಾಕಂದ್ರೆ ಅಂದಕ್ಕೆ ಮಾಡಿಸೋ ಆಪರೇಷನ್ನಿಗೆ ಇನ್ಶೂರೆನ್ಸ್ ಕೊಡಲ್ಲ, ನೋಟಕ್ಕೆ ತೊಂದ್ರೆ ಇದೆ ಅಂತ ದಾಖಲೆ ಇದ್ರೆ ಮಾತ್ರ ಕೇಳೋಕೆ ದಾರಿ ಇರುತ್ತೆ, ಅದೂ ಆಪರೇಷನ್ ಮೊದ್ಲೇ ಬರವಣಿಗೇಲಿ ಒಪ್ಪಿಗೆ ತಗೊಂಡ್ರೆ.

ಒಂದು ಪ್ರಶ್ನೆ ಕೇಳೋದು ಮರೀಬೇಡಿ: ಎಷ್ಟು ಉಳಿಸ್ತೀರ ಅಂತ. ಎಷ್ಟು ತೆಗೀತೀರ ಅಂತ ಎಲ್ರೂ ಕೇಳ್ತಾರೆ. ಹುಬ್ಬಿಂದ ರೆಪ್ಪೆ ಕೂದಲವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿದ್ರೇನೇ ಕಣ್ಣು ಸರಿಯಾಗಿ ಮುಚ್ಚೋಕೆ ಆಗೋದು, ಜಾಸ್ತಿ ಕತ್ತರಿಸಿಬಿಟ್ರೆ ಮಲಗಿದಾಗ್ಲೂ ಕಣ್ಣು ಅರೆ ತೆರೆದೇ ಇರುತ್ತೆ, ಕಾರ್ನಿಯಾ, ಅಂದ್ರೆ ಕಣ್ಣ ಮುಂದಿನ ಪಾರದರ್ಶಕ ಪದರ, ಒಣಗಿ ಗಾಯ ಆಗುತ್ತೆ. ಕಮ್ಮಿ ತೆಗೆದಿದ್ರೆ ಮುಂದೆ ಇನ್ನೊಂಚೂರು ತೆಗೀಬಹುದು, ಜಾಸ್ತಿ ತೆಗೆದಿದ್ದನ್ನ ಸರಿ ಮಾಡೋದು ಭಾರೀ ಕಷ್ಟ. ಈ ಮಾತು ತಾಳ್ಮೆಯಿಂದ ವಿವರಿಸೋ ಡಾಕ್ಟ್ರು ಸಿಕ್ಕಿದ್ರೆ ಅವರನ್ನ ನಂಬಿ. ರಾತ್ರಿ ಏನಾದ್ರೂ ಆದ್ರೆ ಯಾರ ನಂಬರಿಗೆ ಫೋನ್ ಮಾಡ್ಬೇಕು ಅನ್ನೋದನ್ನೂ ಅಲ್ಲೇ ಬರೆಸ್ಕೊಳ್ಳಿ.

ಡೇಟ್ ಹಾಕೋದು

ಜೂನಿಂದ ಸೆಪ್ಟೆಂಬರ್ ಬೇಡ. ಮಳೇಲಿ ರೋಡ್ ಯಾವಾಗ ಕಟ್ಟಾಗುತ್ತೋ ಗೊತ್ತಿಲ್ಲ, 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರೋಡ್ ಏನಾಯ್ತು ಅಂತ ಎಲ್ರೂ ನೋಡಿದೀವಿ, ಹೊಲಿಗೆ ತೆಗ್ಸೋ ದಿನ ಘಾಟಿ ಬಂದ್ ಆದ್ರೆ ಏನ್ ಮಾಡ್ತೀರ? ಅದರ ಮೇಲೆ ಶೀತ, ಸೀನು, ಒದ್ದೆ ಬಟ್ಟೆ ಒಣಗಿಸೋಕೆ ಮನೆ ಒಳಗೆ ಹೊಗೆ. ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಕಣದಲ್ಲಿ ಧೂಳು, ಆಮೇಲೆ ಮೆಣಸು ಕುಯ್ಯೋದು, ತೋಟ ಇರೋರಿಗೆ ಕಣ್ಣು ಮುಚ್ಕೊಂಡು ಮಲಗೋ ಯೋಗ ಇರಲ್ಲ, ತೋಟದ ಲೆಕ್ಕ ನೋಡೋ ರೈಟರ್ ಎಷ್ಟೇ ನಂಬಿಕಸ್ಥ ಆದ್ರೂ ತೂಕದ ಹೊತ್ತಿಗೆ ನೀವು ಎದ್ದು ಹೋಗೇ ಹೋಗ್ತೀರ. ಏಪ್ರಿಲ್ ಮೇ ಮದುವೆ ಸೀಸನ್, ಮದುವೆಗೆ ಚೆನ್ನಾಗಿ ಕಾಣ್ಬೇಕು ಅಂತ ಮಾಡಿಸೋರು ಕಮ್ಮಿ ಅಂದ್ರೂ ಎರಡು ಮೂರು ತಿಂಗಳು ಮೊದ್ಲೇ ಮುಗಿಸಿರ್ಬೇಕು, ಹದಿನೈದು ದಿನ ಮೊದ್ಲು ಮಾಡಿಸಿದ್ರೆ ಫೋಟೋದಲ್ಲಿ ಕೆಂಪು ಗೆರೆ ಕಾಣುತ್ತೆ. ಎಲ್ಲ ಲೆಕ್ಕ ಹಾಕಿದ್ರೆ ಮಳೆ ಬಿಟ್ಟು ಕುಯ್ಲು ಶುರು ಆಗೋ ಮುಂಚಿನ ಅಕ್ಟೋಬರ್ ನಮಗೆ ಒಳ್ಳೇದು, ಆದ್ರೆ ಆ ತಿಂಗಳು ತಲಕಾವೇರಿಗೆ ಹೋಗಿ ತೀರ್ಥಸ್ನಾನ ಮಾಡೋರು ಅದು ಮುಗಿಸಿ ಆಮೇಲೆ ಡೇಟ್ ತಗೊಳ್ಳಿ, ಹೊಲಿಗೆ ಇರುವಾಗ ಮುಳುಗು ಹಾಕೋಹಾಗಿಲ್ಲ.

ಹೋಗೋ ಮುಂಚೆ

ರಕ್ತ ತೆಳು ಮಾಡೋ ಮಾತ್ರೆ ತುಂಬಾ ಮುಖ್ಯವಾದ ವಿಷ್ಯ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತಗೊಳ್ಳೋರು ರೆಪ್ಪೆ ಡಾಕ್ಟ್ರಿಗೂ ಹೇಳ್ಬೇಕು, ಅದನ್ನ ಬರ್ಕೊಟ್ಟ ಹಾರ್ಟ್ ಡಾಕ್ಟ್ರಿಗೂ ಹೇಳ್ಬೇಕು, ನಿಲ್ಲಿಸ್ಬೇಕಾ ಬೇಡ್ವಾ ಎಷ್ಟು ದಿನ ಅಂತ ಅವರಿಬ್ರೂ ತೀರ್ಮಾನ ಮಾಡ್ಲಿ. ಸ್ಟೆಂಟ್ ಹಾಕಿಸ್ಕೊಂಡೋರು ತಾವಾಗೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಮಂಡಿನೋವಿಗೆ ನುಂಗೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ನಾಟಿ ಮದ್ದು ಏನೇ ಇದ್ರೂ ಪಟ್ಟಿ ಮಾಡಿ ಕೊಡಿ. ಸಿಗರೇಟ್ ಒಂದು ತಿಂಗಳ ಮುಂಚೆಯಿಂದ್ಲೇ ಬಿಡಿ, ಸೇದಿದ್ರೆ ಗಾಯ ಮಾಯೋದು ನಿಧಾನ ಆಗುತ್ತೆ. ಡ್ರಿಂಕ್ಸ್ ಕೂಡ ಹಿಂದೆ ಒಂದು ವಾರ ಮುಂದೆ ಒಂದು ವಾರ ಬೇಡ, ಮನೇಲಿ ಮಾಡಿದ ವೈನ್ ಪರವಾಗಿಲ್ಲ ಅಂತ ನಮ್ಮಲ್ಲಿ ತುಂಬ ಜನ ಅನ್ಕೋತಾರೆ, ಅದೂ ಅದೇನೇ, ಊತನೂ ಜಾಸ್ತಿ ರಕ್ತನೂ ಜಾಸ್ತಿ.

ಸಾಮಾನು ಕಟ್ಟುವಾಗ ಮುಂದೆ ಬಟನ್ ಇರೋ ಶರ್ಟು ನೈಟಿ ಇಟ್ಕೊಳ್ಳಿ, ತಲೆ ಮೇಲಿಂದ ಎಳೆಯೋ ಬಟ್ಟೆ ಬೇಡ. ದೊಡ್ಡ ಕಪ್ಪು ಕನ್ನಡಕ, ಎರಡು ಮೂರು ದಿಂಬು, ಪ್ಯಾರಾಸಿಟಮಾಲ್, ಕೃತಕ ಕಣ್ಣೀರಿನ ಡ್ರಾಪ್ಸ್, ಒಂದಷ್ಟು ಸ್ಟೆರೈಲ್ ಗಾಜ್ (ಗಾಯಕ್ಕೆ ಹಾಕೋ ಶುದ್ಧ ಬಟ್ಟೆ), ಐಸ್ ಹಿಡಿಯೋ ಫ್ಲಾಸ್ಕ್. ನೋಡ್ಕೊಳ್ಳೋಕೆ ಒಬ್ರು ಬೇಕೇ ಬೇಕು, ಮೊದಲ ಎರಡು ದಿನ ಮುಲಾಮು ಹಚ್ಚಿ ಎಲ್ಲ ಮಂಜು ಮಂಜಾಗಿ ಕಾಣುತ್ತೆ.

ಆಪರೇಷನ್ ದಿನ

ತಲೆ, ಮುಖ ಚೆನ್ನಾಗಿ ತೊಳ್ಕೊಂಡು ಹೋಗಿ, ಕಾಡಿಗೆ ಕ್ರೀಮ್ ಏನೂ ಬೇಡ. ನಿದ್ದೆ ಇಂಜೆಕ್ಷನ್ ಕೊಡೋದಿದ್ರೆ ಆಪರೇಷನ್ನಿಗೆ ಆರು ಗಂಟೆ ಇರುವಾಗ್ಲೇ ಊಟ ನಿಲ್ಲಿಸೋಕೆ ಹೇಳ್ತಾರೆ. ಬಿಪಿ ಮಾತ್ರೆ ಬೆಳಗ್ಗೆ ತಗೋಬೇಕಾ ಅಂತ ಮೊದ್ಲೇ ಕೇಳಿ, ಅವತ್ತು ಬಿಪಿ ಏರಿದ್ರೆ ರಕ್ತ ಜಾಸ್ತಿ ಹೋಗುತ್ತೆ, ಡಾಕ್ಟ್ರು ಮುಂದಕ್ಕೂ ಹಾಕಬಹುದು.

ಮಲಗಿಸೋ ಮುಂಚೆ ಕೂರಿಸಿ ಗುರುತು ಹಾಕ್ತಾರೆ. ಮಲಗಿದ್ರೆ ಚರ್ಮ ಹಿಂದಕ್ಕೆ ಜಾರಿ ಲೆಕ್ಕ ತಪ್ಪುತ್ತೆ, ಅದಕ್ಕೆ ಕೂರಿಸೋದು. ಕಣ್ಣು ಮುಚ್ಚೋಕೆ ಹೇಳಿ, ನೇರಳೆ ಬಣ್ಣದ ಪೆನ್ನಲ್ಲಿ ರೆಪ್ಪೆಯ ಸಹಜ ಮಡಿಕೆ ಮೇಲೆ ಒಂದು ಗೆರೆ ಎಳೀತಾರೆ, ಆಮೇಲೆ ಚಪ್ಪಟೆ ಇಕ್ಕಳದಲ್ಲಿ ಸಡಿಲ ಚರ್ಮನ ಮೆತ್ತಗೆ ಚಿವುಟಿ ಹಿಡಿತಾರೆ, ರೆಪ್ಪೆ ಕೂದಲು ಒಂಚೂರು ಮೇಲಕ್ಕೆ ತಿರುಗ್ತಿದ್ದ ಹಾಗೆ ಅಲ್ಲಿಗೆ ನಿಲ್ಲಿಸಿ ಮೇಲಿನ ಗೆರೆ ಹಾಕ್ತಾರೆ. ನನಗೆ ಈ ಗುರುತು ಹಾಕೋದ್ರಲ್ಲೇ ಅವರು ಸಾಕಷ್ಟು ಹೊತ್ತು ಕಳೆದ್ರು, ಸ್ಕೇಲ್ ಇಟ್ಟು ಎರಡೂ ಕಡೆ ಅಳೆದು ಅಳಿಸಿ ಮತ್ತೆ ಹಾಕಿದ್ರು, ಅದನ್ನ ನೋಡೇ ನನ್ನ ಭಯ ಅರ್ಧ ಹೋಯ್ತು.

ಮರಗಟ್ಟಿಸೋ ಇಂಜೆಕ್ಷನ್ ಹಾಕುವಾಗ ಚುರುಕ್ ಅಂತ ಉರಿಯುತ್ತೆ, ಅದಾದ್ಮೇಲೆ ಎಳೆದ ಹಾಗೆ ಒತ್ತಿದ ಹಾಗೆ ಗೊತ್ತಾಗುತ್ತೆ ಅಷ್ಟೇ. ಮೇಲಿನ ರೆಪ್ಪೆಗೆ ಹೆಚ್ಚಾಗಿ ಎಚ್ಚರ ಇರುತ್ತೆ, ಮಧ್ಯೆ ಮಧ್ಯೆ ಕಣ್ಣು ಬಿಡಿ ಮುಚ್ಚಿ ಅಂತಾರೆ. ರಕ್ತ ನಿಲ್ಲಿಸೋಕೆ ಸುಡುವಾಗ ಸುಟ್ಟ ವಾಸನೆ ಬರುತ್ತೆ, ಗಾಬರಿ ಆಗ್ಬೇಡಿ. ಕೆಳಗಿನದಕ್ಕೆ ಎರಡು ದಾರಿ ಇದೆ, ರೆಪ್ಪೆ ಒಳಗಡೆಯಿಂದ ಹೋದ್ರೆ ಹೊರಗೆ ಕಲೆ ಇರಲ್ಲ, ಚರ್ಮನೂ ಸಡಿಲ ಇದ್ದೋರಿಗೆ ರೆಪ್ಪೆ ಕೂದಲಿನ ಕೆಳಗೆ ಕತ್ತರಿಸ್ತಾರೆ. ಅತ್ತಿಗೆಗೆ ಒಳಗಡೆಯಿಂದ ಮಾಡಿದ್ದು.

ಮೊದಲ ರಾತ್ರಿ

ಆಸ್ಪತ್ರೆಯಿಂದ ಬಿಟ್ರು ಅಂತ ಅವತ್ತೇ ಕಾರ್ ಹತ್ತಿ ಮನೆ ಕಡೆ ಹೊರಡಬೇಡಿ. ಕೈ ಮುಗಿದು ಹೇಳ್ತೀನಿ, ಬೇಡ. ಆಸ್ಪತ್ರೆಗೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ತಲುಪೋ ಜಾಗದಲ್ಲಿ ಎರಡು ರಾತ್ರಿ ಇರಿ, ನೆಂಟರ ಮನೆ ಆಗ್ಲಿ ಲಾಡ್ಜ್ ಆಗ್ಲಿ. ಕಾರಣ ಇದು: ಸಾವಿರಾರು ಜನರಲ್ಲಿ ಒಬ್ರಿಗೆ ಅನ್ನೋಷ್ಟು ಅಪರೂಪ, ಆದ್ರೆ ಕಣ್ಣ ಗುಡ್ಡೆ ಹಿಂದೆ ರಕ್ತ ಸೋರಿ ತುಂಬ್ಕೊಂಡ್ರೆ ಕಣ್ಣಿನ ನರ ಒತ್ತಿ ದೃಷ್ಟಿನೇ ಹೋಗಬಹುದು. ಇದು ಆಗೋದು ಹೆಚ್ಚಾಗಿ ಮೊದಲ 24 ಗಂಟೆ ಒಳಗೆ, ಹಾಗೇನಾದ್ರೂ ಆದ್ರೆ ಗಂಟೆ ಒಂದೆರಡರೊಳಗೇ ಹೊಲಿಗೆ ಬಿಚ್ಚಿ ಒತ್ತಡ ಇಳಿಸ್ಬೇಕು. ರಾತ್ರಿ ಎರಡು ಗಂಟೆಗೆ ನೀವು ಶನಿವಾರಸಂತೆಯಲ್ಲೋ ಶ್ರೀಮಂಗಲದಲ್ಲೋ ಇದ್ರೆ ಮೈಸೂರು ಮುಟ್ಟೋಷ್ಟು ಟೈಮ್ ಇರಲ್ಲ.

ಗುರುತಿಸೋದು ಹೇಗೆ ಅಂದ್ರೆ, ಮಾಮೂಲಿ ನೋವು ಪ್ಯಾರಾಸಿಟಮಾಲಿಗೆ ಬಗ್ಗುತ್ತೆ, ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ ತರ ಇರುತ್ತೆ. ಒಂದೇ ಕಣ್ಣಲ್ಲಿ ನೋವು ಏರ್ತಾ ಹೋದ್ರೆ, ಗುಡ್ಡೆ ಮುಂದೆ ತಳ್ಳಿದ ಹಾಗೆ ಗಟ್ಟಿಯಾದ್ರೆ, ಮುಲಾಮು ಒರೆಸಿದ್ರೂ ನೋಟ ಮಬ್ಬಾಗ್ತಾ ಇದ್ರೆ, ಎರಡೆರಡು ಕಂಡ್ರೆ ಫೋನ್ ಮಾಡ್ತಾನೇ ಹೊರಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಜೊತೆಗಿರೋರು ಎಚ್ಚರ ಇರುವಾಗ ಗಂಟೆಗೊಮ್ಮೆ, ರಾತ್ರಿ ಎರಡು ಮೂರು ಸಲ ಎಬ್ಬಿಸಿ ಒಂದು ಕಣ್ಣು ಮುಚ್ಚಿಸಿ ಗೋಡೆ ಮೇಲಿನ ಕ್ಯಾಲೆಂಡರ್ ತಾರೀಕು ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಅತ್ತಿಗೆಗೆ ನಾನು ಹೀಗೇ ಮಾಡ್ತಿದ್ದೆ, ನಿದ್ದೆ ಕೆಡಿಸ್ತೀಯಲ್ಲಮ್ಮ ಅಂತ ಬೈತಿದ್ರು, ಬೈದ್ರೂ ಓದಿಸ್ತಿದ್ದೆ.

ತಣ್ಣನೆ ಪಟ್ಟಿ ಹಾಕೋದು ಹೀಗೆ: ಕುದಿಸಿ ಆರಿಸಿದ ನೀರನ್ನ ತೊಳೆದ ಸ್ಟೀಲ್ ಬಟ್ಟಲಿಗೆ ಹಾಕಿ ಆ ಬಟ್ಟಲನ್ನ ಐಸ್ ಇರೋ ದೊಡ್ಡ ಪಾತ್ರೇಲಿ ಇಡಿ, ಕೈ ಸೋಪಲ್ಲಿ ತೊಳ್ಕೊಂಡು ಗಾಜ್ ಬಟ್ಟೆ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಮುಚ್ಚಿದ ಕಣ್ಣ ಮೇಲೆ ಭಾರ ಹಾಕದೆ ಇಡಿ, ಬೆಚ್ಚಗಾದ ಕೂಡ್ಲೇ ಬದಲಿಸಿ, ಹೀಗೆ ಹತ್ತು ಹದಿನೈದು ನಿಮಿಷ. ಎಚ್ಚರ ಇರೋವಾಗ ಗಂಟೆಗೊಂದು ಸಲ, 48 ಗಂಟೆವರೆಗೆ. ಐಸ್ ತುಂಡು ನೇರ ಚರ್ಮಕ್ಕೆ ತಾಗಿಸ್ಬೇಡಿ, ಮರಗಟ್ಟಿರೋ ರೆಪ್ಪೆಗೆ ಸುಟ್ಟಿದ್ದೂ ಗೊತ್ತಾಗಲ್ಲ. ತಲೆ 30ರಿಂದ 45 ಡಿಗ್ರಿ ಎತ್ತರ ಇರೋ ಹಾಗೆ ಅಂಗಾತ ಮಲಗ್ಬೇಕು, ಪಕ್ಕಕ್ಕೆ ಹೊರಳಿದ್ರೆ ಆ ಕಡೆ ಕಣ್ಣು ಬೆಳಗ್ಗೆ ಊದಿರುತ್ತೆ.

ಮನೆಗೆ ಬರೋ ದಾರಿ

ನಮ್ಮ ರೋಡಲ್ಲಿ ವಾಂತಿ ಬರೋರು ತುಂಬ ಜನ. ವಾಂತಿಗೆ ತಿಣುಕಿದ್ರೆ ತಲೆಗೆ ಒತ್ತಡ ಏರಿ ಗಾಯದಲ್ಲಿ ಮತ್ತೆ ರಕ್ತ ಸೋರಬಹುದು, ಅದಕ್ಕೇ ಹೊರಡೋ ಮುಂಚೆ ಡಾಕ್ಟ್ರನ್ನ ಕೇಳಿ ವಾಂತಿ ಮಾತ್ರೆ ತಗೊಳ್ಳಿ, ಮುಂದಿನ ಸೀಟಲ್ಲಿ ಕೂತು ಸೀಟ್ ಹಿಂದಕ್ಕೆ ಬಾಗಿಸ್ಕೊಳ್ಳಿ. ವಿರಾಜಪೇಟೆ ಗೋಣಿಕೊಪ್ಪ ಕಡೆಯೋರಿಗೆ ತಿತಿಮತಿ ಹುಣಸೂರು ರೋಡಲ್ಲಿ ತಿರುವು ಕಮ್ಮಿ. ಡ್ರೈವಿಂಗ್ ನೀವು ಮಾಡೋಹಾಗಿಲ್ಲ. ಮಲಬದ್ಧತೆಗೂ ಇದೇ ಮಾತು, ತಿಣುಕೋಹಾಗಾಗ್ಬಾರ್ದು, ಹಣ್ಣು ನೀರು ಜಾಸ್ತಿ ತಗೊಳ್ಳಿ. ಸೀನು ಬಂದ್ರೆ ಬಾಯಿ ತೆಗೆದು ಸೀನಿ.

ಹೊಲಿಗೆ ತೆಗೆಯೋವರೆಗೆ

ಹೊಲಿಗೆ ಐದರಿಂದ ಏಳನೇ ದಿನಕ್ಕೆ ತೆಗೀತಾರೆ. ಎರಡನೇ ಮೂರನೇ ದಿನ ಊತ ಜಾಸ್ತಿ ಆಗೋದು ಸಹಜ, ಕನ್ನಡಿ ನೋಡಿ ಅಳು ಬರುತ್ತೆ, ನನಗೂ ಬಂತು. ನೀಲಿ ಕಪ್ಪು ಕಲೆ ಕೆನ್ನೆಗೆ ಇಳಿಯುತ್ತೆ, ಆಮೇಲೆ ಹಸಿರು ಹಳದಿ ಆಗಿ ಹತ್ತು ಹದಿನಾಲ್ಕು ದಿನಕ್ಕೆ ಹೆಚ್ಚು ಕಮ್ಮಿ ಹೋಗುತ್ತೆ. ಒಂದು ಕಣ್ಣು ಬೇಗ ಇಳಿದು ಇನ್ನೊಂದು ಹಿಂದೆ ಉಳಿಯುತ್ತೆ. ಕಣ್ಣು ಪೂರ್ತಿ ಮುಚ್ಚೋಕೆ ಕೆಲವು ದಿನ ಬಿಗಿ ಅನ್ಸುತ್ತೆ, ಅದಕ್ಕೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ತಪ್ಪಿಸ್ಬೇಡಿ. ಮುಲಾಮು ಹಚ್ಚುವಾಗ ಹೊಸ ಬಡ್ ತಗೊಂಡು ಹೊಲಿಗೆ ಗೆರೆ ಉದ್ದಕ್ಕೂ ಉರುಳಿಸ್ತಾ ಹೋಗಿ, ಉಜ್ಜಬೇಡಿ, ಒಣಗಿದ ಹಕ್ಕಳೆ ಕೀಳಬೇಡಿ. ಕೆಂಪು ಹರಡ್ತಾ ಹೋದ್ರೆ, ಕೀವು ಕಂಡ್ರೆ, ಜ್ವರ ಬಂದ್ರೆ ಫೋನ್ ಮಾಡಿ.

ಮನೆಗೆ ನೋಡೋಕೆ ಬಂದೋರೆಲ್ಲ ಒಂದೊಂದು ಮದ್ದು ಹೇಳ್ತಾರೆ, ಅರಿಶಿನ, ಜೇನು, ಕೊಬ್ಬರಿ ಎಣ್ಣೆ. ಯಾವ್ದೂ ಕಣ್ಣ ಹತ್ರ ಬೇಡ. ಬದನೆಕಾಯಿ ಮೀನು ಮೊಟ್ಟೆ ನಂಜು ಅಂತ ಹಿರಿಯರು ಬಿಡಿಸ್ತಾರೆ, ಗೌರವ ಇಟ್ಕೊಂಡೇ ಹೇಳ್ತೀನಿ, ಗಾಯ ಮಾಯೋಕೆ ಪ್ರೋಟೀನ್ ಬೇಕು, ಮೊಟ್ಟೆ, ಕಾಳು, ಮೀನು ತಿನ್ನಿ. ಕಮ್ಮಿ ಮಾಡ್ಬೇಕಾದ್ದು ಉಪ್ಪು, ಉಪ್ಪಿನಕಾಯಿ ಹಪ್ಪಳ ಒಣ ಮೀನು ತಿಂದ್ರೆ ಊತ ಇಳಿಯಲ್ಲ. ಅಡುಗೆ ಮನೆ ಹೊಗೆಯಿಂದ ದೂರ ಇರಿ, ಬಚ್ಚಲ ಒಲೆಗೆ ಸೌದೆ ತುರುಕೋಕೆ ಬಗ್ಗೋದನ್ನೂ ಬೇರೆಯೋರಿಗೆ ಬಿಡಿ.

ಎರಡು ವಾರ ದಾಟೋವರೆಗೆ ಭಾರ ಎತ್ತೋದು, ಬಗ್ಗಿ ಕಳೆ ಕೀಳೋದು, ಏಣಿ ಹತ್ತೋದು, ಓಡೋದು ಏನೂ ಬೇಡ. ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಕೂಡ ಅಷ್ಟು ದಿನ ಆದ್ಮೇಲೇನೇ, ಡಾಕ್ಟ್ರು ಸರಿ ಅಂದ ಮೇಲೆ. ಸ್ಪ್ರೇ ಹೊಡೆಯೋ ಕಡೆ, ಕಣದ ಧೂಳಿನ ಕಡೆ ಇನ್ನೂ ಸ್ವಲ್ಪ ದಿನ ತಡೆದು ಹೋಗಿ.

ಆಮೇಲಿನ ತಿಂಗಳುಗಳು

ಹೊಲಿಗೆ ಗೆರೆ ಆರೆಂಟು ವಾರ ಕೆಂಪಗಿರುತ್ತೆ, ಪೂರ್ತಿ ಮಾಸೋಕೆ ಆರು ತಿಂಗಳಾಗಬಹುದು. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ, ಗಾಯ ಮಾಯ್ದ ಮೇಲೆ ಸನ್‌ಸ್ಕ್ರೀನ್ ಹಾಕ್ಲಿಲ್ಲ ಅಂದ್ರೆ ನಮ್ಮ ಚರ್ಮಕ್ಕೆ ಆ ಗೆರೆ ಕಪ್ಪಾಗಿ ಉಳ್ಕೊಳ್ಳುತ್ತೆ. ರೆಪ್ಪೆ ಮರಗಟ್ಟಿದ ಹಾಗೆ ಕೆಲವು ವಾರ ಇರುತ್ತೆ, ತುರಿಕೆನೂ ಬರುತ್ತೆ, ಗೆರೆ ಮೇಲೆ ರಾಗಿ ಕಾಳಿನಷ್ಟು ಬಿಳಿ ಗುಳ್ಳೆ ಎದ್ರೆ ಉಗುರಲ್ಲಿ ಚಿವುಟಬೇಡಿ, ಮುಂದಿನ ಸಲ ಹೋದಾಗ ಸೂಜೀಲಿ ತೆಗೆದುಬಿಡ್ತಾರೆ. ಕೆಳಗಿನ ರೆಪ್ಪೆ ಹೊರಕ್ಕೆ ತಿರುಗಿದ ಹಾಗೆ, ಕಣ್ಣಿಂದ ಬಿಟ್ಟು ದೂರ ನಿಂತ ಹಾಗೆ ಕಂಡ್ರೆ ಬೇಗ ತೋರಿಸಿ, ಮೊದ್ಲಲ್ಲೇ ಆದ್ರೆ ಮಸಾಜ್, ಟೇಪಲ್ಲೇ ಸರಿ ಹೋಗೋದುಂಟು. ಎರಡು ಕಣ್ಣು ಒಂದೇ ತರ ಇಲ್ಲ ಅಂತ ಮೂರನೇ ವಾರದಲ್ಲೇ ಮತ್ತೆ ಕತ್ತರಿಸೋಕೆ ಕೇಳಬೇಡಿ, ತುಂಬ ಡಾಕ್ಟ್ರು ಆರು ತಿಂಗಳು ಕಾಯಿಸ್ತಾರೆ, ಅದು ಸರಿನೇ.

ಕನ್ನಡಕ ಹಾಕೋರು ಹೊಸ ಕನ್ನಡಕ ಕೂಡ್ಲೇ ಮಾಡಿಸ್ಬೇಡಿ. ರೆಪ್ಪೆ ಭಾರ ಕಮ್ಮಿ ಆದಾಗ ಕಾರ್ನಿಯಾ ಆಕಾರ ಸ್ವಲ್ಪ ಬದಲಾಗಿ ಸಿಲಿಂಡರ್ ಪವರ್ ಆಚೀಚೆ ಆಗುತ್ತೆ, ಮೂರು ತಿಂಗಳು ಬಿಟ್ಟು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಪವರ್ ಚೆಕ್ ಮಾಡಿಸಿ ಆಮೇಲೆ ಗಾಜು ಹಾಕಿಸ್ಕೊಳ್ಳಿ.